ಮೊಮ್ಮಗಳ ಹಾಲಿಗೆ ಮುಯ್ಯಾಳು

ಸಂಬಳವನ್ನೂ ಕೊಟ್ಟು, "ತಗೋ, ನಿನ್ನ ಮೊಮ್ಮಗಳನ್ನು ಎತ್ತಿಕೊಂಡು ಕೂತಿರು" ಎನ್ನುವ ಕೆಲಸ ಈ ಬೆಂಗಳೂರಿನಲ್ಲಿ ಎಷ್ಟು ಜನಕ್ಕೆ ಸಿಕ್ಕೀತು ಹೇಳಿ? ನನಗೆ ಸಿಕ್ಕಿತು. ಯಲಹಂಕ ದಾಟಿದರೆ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿ ಇದೆ. ಅದರ ಮಕ್ಕಳ ಮನೆಯಲ್ಲಿ ನಾನು ಆಯಾ. ನನ್ನ ಸೊಸೆ ಅದೇ ಫ್ಯಾಕ್ಟರಿಯಲ್ಲಿ ಅಂಗಿಗೆ ಕಾಲರ್ ಕೂರಿಸುವ ಟೈಲರ್. ಹೆರಿಗೆ ರಜೆ ಮುಗಿಸಿ ಅವಳು ಮತ್ತೆ ಮೆಷಿನ್ ಮುಂದೆ ಕೂತ ದಿನ ನಮ್ಮ ಪುಟ್ಟಿ ನನ್ನ ಸೊಂಟ ಏರಿ ಮಕ್ಕಳ ಮನೆಗೆ ಬಂದಳು.

ಏನು ಹೇಳಲಿ ಅವಳ ವಿಷಯ! ಕೆಳಗಡೆ ಎರಡು ಹಲ್ಲು, ಅಕ್ಕಿಕಾಳು ಇಟ್ಟ ಹಾಗೆ. ನಗುವಾಗ ಬಾಯಿ ಒಂದೇ ನಗುವುದಿಲ್ಲ, ಕಾಲಿನ ಬೆರಳುಗಳೂ ನಗುತ್ತವೆ. ನಾನು ಬೇರೆ ಮಗುವಿಗೆ ಬಟ್ಟೆ ಬದಲಿಸುತ್ತಿದ್ದರೆ ಚಾಪೆಯ ಮೇಲೆ ಉರುಳಿಕೊಂಡು ಬಂದು ನನ್ನ ಸೆರಗು ಹಿಡಿದು "ಹಾಂ" ಎಂದು ಗದರುತ್ತಾಳೆ. ನನ್ನ ಜೊತೆಯ ಆಯಾ ಬಾಗಲಕೋಟೆ ಕಡೆಯವಳು. ಮೊದಲ ದಿನವೇ ಕಾಲೆಳೆದಳು.

"ಏನ್ ಪುಣ್ಯಾ ಮಾಡೀರಿ ಅಕ್ಕಾ! ನನ್ನ ಮೊಮ್ಮಕ್ಕಳು ಊರಾಗ ಅದಾವ, ಫೋನಿನ ಗ್ಲಾಸಿಗೆ ಮುದ್ದು ಕೊಡಬೇಕು ನಾನು. ನಿಮಗ ನೋಡ್ರಿ, ಪಗಾರಾನೂ ಐತಿ, ಕೂಸೂ ಐತಿ."

"ದೃಷ್ಟಿ ಹಾಕ್ಬೇಡ ಕಣೇ," ಎಂದು ನಾನೂ ನಕ್ಕೆ. ಆ ನಗು ಬಹಳ ದಿನ ಉಳಿಯಲಿಲ್ಲ.

ಮಕ್ಕಳ ಮನೆಯ ಪದ್ಧತಿ ಹೀಗೆ. ಬೆಳಿಗ್ಗೆ ತಾಯಂದಿರು ಮಗುವನ್ನು ಕೊಟ್ಟು ಹೋಗುತ್ತಾರೆ. ಮೊಲೆ ಕುಡಿಯುವ ಮಗು ಹಸಿದರೆ ನಾವು ಹೊಲಿಗೆ ಹಾಲ್‌ಗೆ ಫೋನ್ ಮಾಡಬೇಕು. ಅಲ್ಲಿನ ಸೂಪರ್‌ವೈಸರ್ ತಾಯಿಯನ್ನು ಕಳಿಸಬೇಕು. ಅವಳು ಬಂದು ಕುಡಿಸಿ, ಮಗುವನ್ನು ಮಲಗಿಸಿ ಹೋಗುತ್ತಾಳೆ. ಅದು ತಾಯಿಯ ಹಕ್ಕು. ಸರ್ಕಾರದ ಕಾನೂನು ಅದು, ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಗಾಜು ಹಾಕಿದ್ದಾರೆ. ಗಾಜನ್ನು ದಿನಾ ಒರೆಸುವವಳು ನಾನೇ.

ಈಗ ಹೊಲಿಗೆ ಹಾಲ್‌ನ ಪದ್ಧತಿ ಕೇಳಿ. ಅಲ್ಲಿ ಒಂದು ಅಂಗಿಯನ್ನು ಒಬ್ಬರೇ ಹೊಲಿಯುವುದಿಲ್ಲ. ಸಾಲಾಗಿ ಮೆಷಿನ್‌ಗಳು. ಒಬ್ಬಳು ಭುಜ ಕೂಡಿಸಿದರೆ, ಮುಂದಿನವಳು ಕಾಲರ್, ಅದರ ಮುಂದಿನವಳು ತೋಳು. ಇದಕ್ಕೆ ಲೈನ್ ಎನ್ನುತ್ತಾರೆ. ಕಾಲರ್ ಇವೆಲ್ಲದರಲ್ಲಿ ಹಟಮಾರಿ ಕೆಲಸ. ಎರಡು ಮೂಲೆ ಸಮ ಬರಬೇಕು, ಕತ್ತಿನ ಹತ್ತಿರ ಸುಕ್ಕು ಬೀಳಬಾರದು. ಕಾಲರ್‌ನವಳು ಎದ್ದು ಹೋದರೆ ಅವಳ ಹಿಂದೆ ಬಟ್ಟೆಯ ಬಂಡಲ್‌ಗಳು ಗುಡ್ಡೆಯಾಗುತ್ತವೆ, ಮುಂದಿನವರು ಕೈ ಕಟ್ಟಿ ಕೂರುತ್ತಾರೆ. ಮೊದಲೆಲ್ಲ ಇದಕ್ಕಾಗಿಯೇ ಒಬ್ಬ ಬದಲಿ ಟೈಲರ್ ಇರುತ್ತಿದ್ದಳು. ಯಾರು ಎದ್ದರೂ ಅವರ ಜಾಗದಲ್ಲಿ ಕೂರುವುದೇ ಅವಳ ಕೆಲಸ. ನನ್ನ ಸೊಸೆ ರಜೆಯಿಂದ ವಾಪಸ್ಸಾಗುವ ಹೊತ್ತಿಗೆ ಆ ಬದಲಿಯವಳನ್ನು ತೆಗೆದು ಬೇರೆ ಲೈನ್‌ಗೆ ಹಾಕಿದ್ದರು. ಏಕೆ? ಅರ್ಜೆಂಟ್ ಆರ್ಡರ್. ಅಲ್ಲಿ ಯಾವ ಆರ್ಡರ್ ತಾನೇ ನಿಧಾನವಾಗಿ ಬಂದಿದೆ!

ಮೊದಲ ವಾರ ನಾನು ಫೋನ್ ಮಾಡಿದರೆ ಸೊಸೆ ಬರುತ್ತಿದ್ದಳು, ಓಡಿಕೊಂಡು. ಆಮೇಲೆ ತಡವಾಗತೊಡಗಿತು. ಫೋನ್ ಎತ್ತಿದವರು, "ಕಳಿಸ್ತೀವಿ, ಈ ಬಂಡಲ್ ಮುಗೀಲಿ" ಎನ್ನುವರು. ಇಲ್ಲಿ ಪುಟ್ಟಿ ಅಳುವುದು. ರಾಗಿ ಸರಿ ಒಂದೆರಡು ಚಮಚ ತಿಂದು ಮೂತಿ ತಿರುಗಿಸುವಳು. ಬಾಟಲಿ ತೋರಿಸಿದರೆ ನಾಲಿಗೆಯಿಂದ ಆಚೆ ತಳ್ಳುವಳು, ಅದರಲ್ಲಿ ಅಜ್ಜಿಯ ಹಟವೇ ಬಂದಿದೆ. ಅತ್ತು ಅತ್ತು ಸೋತು ನಿದ್ದೆ ಹೋದ ಮೇಲೆ ಅಮ್ಮ ಬರುವಳು. ಬಂದವಳ ರವಿಕೆಯೊಳಗೆ ಕಟಿಂಗ್ ಟೇಬಲ್‌ನ ತುಂಡು ಬಟ್ಟೆ ಮಡಚಿ ಇಟ್ಟಿರುವುದು, ಅದೂ ಒದ್ದೆ. ಮಗುವಿಗೆ ಸೇರಬೇಕಾದ ಹಾಲು ಯಾವುದೋ ದೇಶದವನ ಅಂಗಿಯ ಚೂರಿಗೆ ಹೋಗಿತ್ತು. ನನ್ನ ಹೊಟ್ಟೆ ಉರಿಯಿತೋ ಇಲ್ಲವೋ ನೀವೇ ಹೇಳಿ.

ಆ ಒದ್ದೆಯೂ ಬರಬರುತ್ತಾ ಕಡಿಮೆಯಾಯಿತು. ಪುಟ್ಟಿ ಬಾಯಿ ಹಾಕಿ, ಎಳೆದು, ಬಿಟ್ಟು, ಅಮ್ಮನ ಮುಖ ನೋಡಿ ಅಳುವಳು. ಸೊಸೆಯೂ ಅಳುವಳು.

"ಹಾಲೇ ಇಳೀತಿಲ್ಲ ಅತ್ತೆ. ನನಗೇನಾಯ್ತೋ ಗೊತ್ತಿಲ್ಲ."

ನಾನು ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಕೊಡಿಗೇಹಳ್ಳಿಯ ನಮ್ಮ ಮನೆಯಲ್ಲಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಘಾಟು ಬರಲಿಲ್ಲ, ದೃಷ್ಟಿಯೇ ಎಂದು ಖಾತ್ರಿಯಾಯಿತು. ಬಾಗಲಕೋಟೆಯವಳ ಮೇಲೂ ಒಂದು ಗಳಿಗೆ ಅನುಮಾನ ಬಂತು, ಪಾಪ. ಬೆಳ್ಳುಳ್ಳಿ ಹುರಿದು ಕೊಟ್ಟೆ. ಸಬ್ಬಸಿಗೆ ಸೊಪ್ಪಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ಸಬ್ಬಸಿಗೆ ಸೊಪ್ಪಿನ ಅಕ್ಕಿ ರೊಟ್ಟಿ. ನನ್ನ ಮಗ, "ಅಮ್ಮ, ನನಗೂ ಹಾಲು ಬರೋ ಹಂಗಿದೆ, ಸಾಕು ಮಾಡು" ಎಂದ. ಯಾವುದರಿಂದಲೂ ಆಗಲಿಲ್ಲ. ಆಸ್ಪತ್ರೆಯಲ್ಲಿ ತೂಕ ಹಾಕಿಸಿದರೆ ಪುಟ್ಟಿಯ ತೂಕ ಹಿಂದಿನ ಸಲದಷ್ಟೇ. ಡಾಕ್ಟರಮ್ಮ ಒಳ್ಳೆಯವರು.

"ಮಗು ಎಷ್ಟು ಕುಡಿಯುತ್ತೋ ಅಷ್ಟು ಹಾಲು ಬರುತ್ತಮ್ಮ. ಕುಡಿಸೋದು ತಪ್ಪಿದ್ರೆ ಕಡಿಮೆ ಆಗುತ್ತೆ. ನೀವು ಚೆನ್ನಾಗಿ ನೀರು ಕುಡೀಬೇಕು. ಮುಖ್ಯವಾಗಿ ಟೆನ್ಶನ್ ಕಡಿಮೆ ಮಾಡ್ಕೊಳ್ಳಿ," ಎಂದರು.

ಟೆನ್ಶನ್ ಕಡಿಮೆ ಮಾಡಿಕೊಳ್ಳಿ! ಇದನ್ನು ಹೇಳದವರು ಯಾರೂ ಇಲ್ಲ. ಬಸ್ಸಿನಲ್ಲಿ ಪಕ್ಕ ಕೂತವರೂ ಹೇಳುತ್ತಾರೆ. ಟೆನ್ಶನ್ ಏನು ಸಾರಿನ ಉಪ್ಪೇ, ನಾಳೆಯಿಂದ ಒಂದು ಚಿಟಿಕೆ ಕಡಿಮೆ ಹಾಕೋಣ ಎನ್ನಲು? ಅದನ್ನು ಹಾಕುವವರು ಬೇರೆ, ಉಣ್ಣುವವರು ಬೇರೆ.

ಅವತ್ತು ಸಂಜೆ ಸೊಸೆಯ ಊಟದ ಚೀಲ ತೊಳೆಯಲು ತೆಗೆದೆ. ನೀರಿನ ಬಾಟಲ್ ಬೆಳಿಗ್ಗೆ ನಾನು ತುಂಬಿಸಿದ ಹಾಗೆಯೇ ಕತ್ತಿನ ತನಕ ಇತ್ತು.

"ಇದ್ಯಾಕಮ್ಮ, ಒಂದು ಗುಟುಕೂ ಕುಡಿದಿಲ್ಲ?"

"ಕುಡಿದ್ರೆ ಟಾಯ್ಲೆಟ್‌ಗೆ ಹೋಗ್ಬೇಕಲ್ಲ ಅತ್ತೆ. ಹೋದ್ರೆ ಕಾಲರ್ ನಿಂತ್ಹೋಗುತ್ತೆ. ಆಮೇಲೆ ಮಗುಗೆ ಅಂತ ಏಳೋದಕ್ಕೆ ಮುಖ ಇರಲ್ಲ."

ನೀರು ಉಳಿಸಿದರೆ ಅದರ ಬದಲು ಹಾಲಿಗೆ ಬಿಡುತ್ತಾರೆ ಎಂದು ಈ ಹುಡುಗಿಯ ಲೆಕ್ಕ. ಲೈನ್‌ನಲ್ಲಿ ಇದು ಇವಳೊಬ್ಬಳ ಬುದ್ಧಿಯೂ ಅಲ್ಲ. ಬಾಟಲ್ ತುಂಬಿಕೊಂಡೇ ಮನೆಗೆ ಹೋಗುವವಳು ಜಾಣೆ, ಖಾಲಿ ಮಾಡುವವಳು ಸೋಮಾರಿ ಎಂದು ಹೊಸಬರಿಗೆ ಹಳಬರೇ ಹೇಳಿಕೊಡುತ್ತಾರೆ. ಬಾವಿಯಲ್ಲಿ ನೀರಿಲ್ಲ, ನಾನು ರಾಟೆಗೆ ಎಣ್ಣೆ ಬಿಡುತ್ತಿದ್ದೆ! ಯಾವ ದೃಷ್ಟಿ, ಯಾರ ದೃಷ್ಟಿ? ಗಂಟೆಗೆ ಇಷ್ಟು ಅಂಗಿ ಎಂದು ಬೋರ್ಡಿನ ಮೇಲೆ ಬರೆಯುವ ಟಾರ್ಗೆಟ್ ಇದೆಯಲ್ಲ, ಅದರ ದೃಷ್ಟಿ.

ಮಾರನೆಯ ದಿನ ಕ್ಯಾಂಟೀನ್ ಬಾಗಿಲಲ್ಲಿ ಬಣ್ಣದ ಪೋಸ್ಟರ್ ಅಂಟಿಸಿದ್ದರು. ಒತ್ತಡ ನಿರ್ವಹಣೆ ತರಬೇತಿಯಂತೆ. ಹೊರಗಿನಿಂದ ಒಬ್ಬರು ಮೇಡಂ ಬಂದು ಟೆನ್ಶನ್ ಹೋಗಿಸುವುದು ಹೇಗೆಂದು ಕಲಿಸುತ್ತಾರಂತೆ. ನನಗೆ ಆಸೆಯೇ ಆಯಿತು. ಯಾವಾಗ ಎಂದು ನೋಡಿದರೆ ಊಟದ ಹೊತ್ತಿನಲ್ಲಿ! ಕೆಲಸದ ಹೊತ್ತಿನಲ್ಲಿ ಮಾಡಿದರೆ ಟಾರ್ಗೆಟ್ ಬೀಳುತ್ತದಲ್ಲ. ನನ್ನ ಸೊಸೆಗೆ ಯಾರನ್ನೂ ಕೇಳದೆ ಮಗುವಿನ ಹತ್ತಿರ ಬರಲು ಉಳಿದಿದ್ದದ್ದು ಅದೊಂದೇ ಹೊತ್ತು. ಅದೂ ಹೋಯಿತು. ಎಲ್ಲರೂ ಬರಲೇಬೇಕು, ಫೋಟೋ ತೆಗೆಯುತ್ತಾರೆ ಎಂದರು. ಬಾಗಲಕೋಟೆಯವಳಿಗೆ ಮಕ್ಕಳನ್ನು ಒಪ್ಪಿಸಿ ನಾನೂ ಹೋಗಿ ಕೂತೆ.

ಮೇಡಂ ಮೃದುವಾದ ಮಾತಿನ ಹೆಂಗಸು. "ಕಣ್ಣು ಮುಚ್ಚಿ. ದೀರ್ಘವಾಗಿ ಉಸಿರು ತಗೊಳ್ಳಿ. ನೀವು ಸಮುದ್ರದ ದಡದಲ್ಲಿದ್ದೀರ ಅಂದ್ಕೊಳ್ಳಿ," ಎಂದರು.

ಸೊಸೆಯ ಪಕ್ಕದ ಮೆಷಿನ್‌ನವಳು ಚಿಕ್ಕಜಾಲದವಳು, ಅಂಗಿಯ ತೋಳಿಗೆ ಕಫ್ ಹೊಲಿಯುವವಳು. ಬಾಯಿ ಜೋರು. "ಮೇಡಂ, ನಾನು ಸಮುದ್ರನೇ ನೋಡಿಲ್ಲ. ಎಬ್ಬಾಳ ಕೆರೆ ಆಗ್ತದಾ?" ಎಂದಳು.

ಎಲ್ಲರೂ ನಕ್ಕರು, ಮೇಡಂ ಕೂಡ. "ಆಗುತ್ತೆ, ಆಗುತ್ತೆ."

"ಎಬ್ಬಾಳ ಅಂದ್ರೆ ನಂಗೆ ಕೆರೆ ಕಾಣಕಿಲ್ಲ ಮೇಡಂ, ಮೇಲ್ಗಡೆ ಸೇತುವೆ ಮೇಲೆ ಟ್ರಾಫಿಕ್ಕೇ ಕಾಣ್ತದೆ. ಇನ್ನೂ ಟೆನ್ಶನ್ ಆಯ್ತು."

ಮುಂದಿನ ಸಾಲಿನಲ್ಲಿ ಒಬ್ಬಳು ಕಣ್ಣು ಮುಚ್ಚಿದವಳು ನಿಜವಾಗಿಯೂ ಗೊರಕೆ ಹೊಡೆದಳು. ಅವಳನ್ನು ಯಾರೂ ಎಬ್ಬಿಸಲಿಲ್ಲ. ಆ ತರಬೇತಿಯಲ್ಲಿ ಪೂರ್ತಿ ಲಾಭ ಪಡೆದವಳು ಅವಳೊಬ್ಬಳೇ.

ಆಮೇಲೆ ಮೇಡಂ ಒಂದು ಒಳ್ಳೆಯ ಮಾತು ಕೇಳಿದರು. ಟೆನ್ಶನ್ ಮನಸ್ಸಿನಲ್ಲಷ್ಟೇ ಅಲ್ಲ, ಮೈಯಲ್ಲೂ ಎಲ್ಲಾದರೂ ಬಂದು ಕೂತಿರುತ್ತದೆ, ನಿಮಗೆ ಎಲ್ಲಿ ಕೂತಿದೆ ಮುಟ್ಟಿ ತೋರಿಸಿ ಎಂದರು. ಯಾರೋ ಕತ್ತು ಮುಟ್ಟಿದರು, ಯಾರೋ ಸೊಂಟ, ಯಾರೋ ಹೊಟ್ಟೆ. ನನ್ನ ಸೊಸೆ ಎದೆ ಮುಟ್ಟಿಕೊಂಡಳು.

"ಹೃದಯದಲ್ಲಾ ಅಮ್ಮ?"

"ಅಲ್ಲ ಮೇಡಂ. ಹಾಲು ಕಟ್ಟಿದೆ. ಮಗು ಇಲ್ಲೇ ಇದೆ, ಗೋಡೆ ಆಚೆ."

ಮೇಡಂ ಮುಖ ಸಣ್ಣದಾಯಿತು. "ಹೋಗಿ, ಹೋಗಿ, ಈಗಲೇ ಹೋಗಿ" ಎಂದರು. ಸೊಸೆ ಓಡಿದಳು, ಹಿಂದೆ ನಾನೂ ಓಡಿದೆ. ಪುಟ್ಟಿ ಎದ್ದಿದ್ದಳು. ಬಾಯಿ ಹಾಕಿದಳು, ನಿಧಾನವಾಗಿ ಹಾಲು ಇಳಿಯತೊಡಗಿತು. ಅಷ್ಟರಲ್ಲಿ ಬೆಲ್. ಮಗುವಿನ ಬಾಯಿಯನ್ನು ಬೆರಳು ಹಾಕಿ ಬಿಡಿಸಬೇಕಾಯಿತು. ಬಾಯಿಂದ ಕಿತ್ತುಕೊಳ್ಳುವುದು ಎಂದು ನಾವು ಮಾತಿಗೆ ಹೇಳುತ್ತೇವೆ. ನಾನು ಅವತ್ತು ಕಣ್ಣಾರೆ ಕಂಡೆ.

ಸಿಟ್ಟು ತಡೆಯದೆ ಸಂಜೆ ವೆಲ್‌ಫೇರ್ ಆಫೀಸರ್ ಹತ್ತಿರ ಹೋದೆ. ಕಾರ್ಮಿಕರ ಕಷ್ಟಸುಖ ನೋಡಿಕೊಳ್ಳಲು ಎಂದೇ ಇರುವ ಹೆಂಗಸು. ಕೂರಿಸಿ, ನೀರು ಕೊಟ್ಟು ಮಾತಾಡಿಸಿದರು.

"ಅಮ್ಮ, ನಮ್ಮಲ್ಲಿ ಪಾಲಿಸಿ ಇದೆ. ಯಾರೂ ಅವರನ್ನ ತಡೆದಿಲ್ಲ. ಫೋನ್ ಬಂದ್ರೆ ಹೇಳ್ತಾರೆ. ಅವರೇ ಎದ್ದು ಬರ್ತಿಲ್ಲ. ನಾವೇನ್ ಮಾಡೋಕಾಗುತ್ತೆ?"

ಅವಳೇ ಬರುತ್ತಿಲ್ಲ! ಎಷ್ಟು ಚೆಂದದ ಮಾತು ನೋಡಿ. ಬಾಗಿಲು ತೆಗೆದೇ ಇದೆ, ಹೊಸ್ತಿಲ ಮೇಲೆ ಮಾತ್ರ ಮುಳ್ಳು ಹರಡಿದೆ. ಕಾಲಿಡದಿದ್ದರೆ ಅದು ನಿನ್ನ ಇಷ್ಟ. ಬದಲಿ ಟೈಲರ್ ಯಾಕಿಲ್ಲ ಎಂದು ಕೇಳಿದೆ. ಅದು ಪ್ರೊಡಕ್ಷನ್‌ನವರ ವಿಷಯ, ನಮ್ಮದಲ್ಲ ಎಂದರು.

ಮರುದಿನ ಫೋನ್ ಮಾಡಿದೆ. ಬರಲಿಲ್ಲ. ಮತ್ತೆ ಮಾಡಿದೆ. ಬರಲಿಲ್ಲ. ಪುಟ್ಟಿಯನ್ನು ಜೊತೆಯವಳ ತೋಳಿಗೆ ಹಾಕಿ, "ಬರ್ತೀನಿ ಇರು" ಎಂದೆ.

"ಎಲ್ಲಿಗ್ರೀ ಅಕ್ಕಾ? ಜಗಳ ತಗದು ಕೆಲಸ ಕಳಕೊಂಡು ಬರಬ್ಯಾಡ್ರಿ ಮತ್ತ!"

ಆಯಾ ಆಗುವ ಮೊದಲು ನಾನೂ ಇದೇ ಮೆಷಿನ್‌ಗಳಲ್ಲಿ ಕಾಲರ್ ಕೂರಿಸಿದವಳು. ನೇರ ಹಾಲ್‌ಗೆ ಹೋಗಿ ಸೊಸೆಯ ಭುಜ ತಟ್ಟಿದೆ. "ಏಳು. ನಾನು ಕೂರ್ತೀನಿ. ಹೋಗಿ ಕುಡಿಸಿ ಬಾ."

ಅವಳು ಸೂಪರ್‌ವೈಸರ್ ಕಡೆ ನೋಡಿದಳು. "ಅವನ ಮುಖ ಏನ್ ನೋಡ್ತೀಯ, ಅವನೇನು ಕುಡಿಸ್ತಾನಾ?" ಎಂದೆ. ಎದ್ದು ಹೋದಳು.

ಕೂತೆ. ಪೆಡಲ್ ಮೇಲೆ ಕಾಲಿಟ್ಟಾಗ ಧೈರ್ಯವೇ ಇತ್ತು. ಆದರೆ ಬಿಳಿ ಬಟ್ಟೆ, ಬಿಳಿ ದಾರ. ನನ್ನ ಕಣ್ಣಿಗೆ ಹೊಲಿಗೆ ಕಾಣಿಸಲೇ ಇಲ್ಲ. ಈಗಿನ ಮೆಷಿನ್ ಮುಟ್ಟಿದರೆ ಸಾಕು, ಹಗ್ಗ ಬಿಚ್ಚಿದ ಕರುವಿನಂತೆ ಓಡುತ್ತದೆ. ನಾನು ಕೂರಿಸಿದ ಕಾಲರ್‌ಗಳ ಒಂದು ಮೂಲೆ ಯಲಹಂಕಕ್ಕೆ, ಇನ್ನೊಂದು ಯಶವಂತಪುರಕ್ಕೆ ಮುಖ ಮಾಡಿದ್ದವು. ಚೆಕಿಂಗ್‌ನವರು ಎಲ್ಲವನ್ನೂ ವಾಪಸ್ ಎಸೆದರು.

ಸೂಪರ್‌ವೈಸರ್ ಓಡಿ ಬಂದ. "ಅಜ್ಜಿ! ಏನ್ ಮಾಡ್ತಿದೀರ? ಕೈಗೆ ಸೂಜಿ ಹೊಕ್ಕರೆ ಯಾರು ಹೊಣೆ? ಏಳಿ ಮೊದ್ಲು!"

ವಯಸ್ಸಾದವಳೆಂದು ನನ್ನನ್ನು ಬಯ್ಯಲಿಲ್ಲ. ನನ್ನ ಪಾಲಿನದನ್ನೂ ಸೇರಿಸಿ, ವಾಪಸ್ ಬಂದ ಸೊಸೆಗೆ ಬಯ್ದ. ಅವಳು ತಲೆ ತಗ್ಗಿಸಿ ನನ್ನ ಕಾಲರ್‌ಗಳ ಹೊಲಿಗೆ ಬಿಚ್ಚುತ್ತಾ ಕೂತಳು. ಉಪಕಾರ ಮಾಡಲು ಹೋಗಿ ಅವಳ ಕುತ್ತಿಗೆಗೆ ಇನ್ನೊಂದು ಹೊರೆ ಕಟ್ಟಿದ್ದೆ.

ನಾನು ಅಲ್ಲಿಂದ ಕದಲುವ ಮೊದಲೇ ಅವನ ಫೋನ್ ಹೊಡೆದುಕೊಂಡಿತು. ಆ ಕಡೆಯವರು ಕೂಗುವುದು ನನಗೂ ಕೇಳಿಸುತ್ತಿತ್ತು. "ಹೌದು ಸಾರ್, ಕವರ್ ಮಾಡ್ತೀನಿ ಸಾರ್" ಎನ್ನುತ್ತಾ ಅವನು ಜೇಬಿನಿಂದ ಗ್ಯಾಸ್ಟ್ರಿಕ್ ಮಾತ್ರೆ ತೆಗೆದು, ನೀರಿಲ್ಲದೆ ಜಗಿದು ನುಂಗಿದ. ಅವನ ಟೇಬಲ್ ಮೇಲಿನ ಬಾಟಲ್ ಕೂಡ ತುಂಬಿತ್ತು!

ಅಲ್ಲಿ ನಿಂತಾಗ ನನಗೆ ತಿಳಿಯಿತು. ಬಯ್ಗುಳವೂ ಬಂಡಲ್ ಇದ್ದ ಹಾಗೆ, ಕೈಯಿಂದ ಕೈಗೆ ಹೋಗುತ್ತದೆ. ಎಲ್ಲೋ ಅಂಗಿ ಕೊಳ್ಳುವ ಕಂಪನಿಯವರು ಮ್ಯಾನೇಜರ್‌ಗೆ ಬಯ್ದರು, ಮ್ಯಾನೇಜರ್ ಇವನಿಗೆ ಬಯ್ದ, ಇವನು ನನ್ನ ಸೊಸೆಗೆ. ಅಲ್ಲಿಗೆ ನಿಂತಿತು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನಿಲ್ಲುವುದಿಲ್ಲ. ಅದು ಅವಳ ಮೈಯೊಳಗೆ ಇಳಿದು, ಹಾಲು ಕಟ್ಟಿಸಿ, ಹಲ್ಲು ಮೊಳೆಯುತ್ತಿರುವ ಒಂದು ಕೂಸಿನ ಬಾಯಿಗೆ ಬರುತ್ತದೆ. ಆ ಕೂಸು ಯಾರಿಗೆ ಬಯ್ಯಬೇಕು? ಇಷ್ಟು ಉದ್ದದ ಲೈನ್‌ನಲ್ಲಿ ಒಬ್ಬರಾದರೂ ಆ ಬಂಡಲನ್ನು ಮುಂದೆ ದಾಟಿಸದೆ ಕೆಳಗಿಡಬಾರದೇ?

ಸೊಸೆ ರಾತ್ರಿ ಊಟ ಮಾಡುವಾಗ, "ನಾಳೆಯಿಂದ ಡಬ್ಬಿ ಹಾಲು ಅಭ್ಯಾಸ ಮಾಡ್ಸೋಣ ಅತ್ತೆ. ನನ್ನಿಂದಾಗಲ್ಲ," ಎಂದಳು. ಡಬ್ಬಿ ಹಾಲು ಕುಡಿದು ಬೆಳೆದ ಮಕ್ಕಳಿಲ್ಲವೇ, ಇದ್ದಾರೆ. ತಾಯಿಗೆ ಬೇಕಾಗಿ ಬಿಡಿಸಿದರೆ ನಾನು ಒಂದು ಮಾತೂ ಆಡುವವಳಲ್ಲ. ಇವಳಿಗೆ ಬೇಕಾಗಿರಲಿಲ್ಲ. ಹೇಳುವಾಗ ಅವಳ ಕೈ ಮಗುವಿನ ತಲೆಯ ಮೇಲೆಯೇ ಇತ್ತು.

"ಒಂದೇ ಒಂದು ದಿನ ತಡಿ," ಎಂದೆ.

ನಮ್ಮ ಕೊಡಿಗೇಹಳ್ಳಿ ಸುತ್ತ ಹೊಲ ಇದ್ದ ಕಾಲದಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು. ಇವತ್ತು ನಾನು ನಿನ್ನ ಹೊಲದಲ್ಲಿ ಕಳೆ ಕೀಳುತ್ತೇನೆ, ನಾಳೆ ನೀನು ನನ್ನ ಹೊಲಕ್ಕೆ ಬಾ. ಕೂಲಿ ಇಲ್ಲ, ಆಳಿಗೆ ಆಳು. ಬಾಣಂತಿಯ ಹೊಲಕ್ಕೆ ಮೊದಲ ಸರದಿ ಬಿಡುತ್ತಿದ್ದರು. ಹೊಲ ಹೋಗಿ ಕಟ್ಟಡ ಬಂದಿದೆ. ಆ ಮಾತು ಗೊತ್ತಿರುವವರು ಹೋಗಿಲ್ಲವಲ್ಲ. ಆಫೀಸಿನವರನ್ನು ಕೇಳುವುದು ಬಿಟ್ಟೆ. ಲೈನ್‌ನವರನ್ನೇ ಕೇಳೋಣ ಎಂದು ತೀರ್ಮಾನಿಸಿದೆ.

ಮರುದಿನ ಊಟದ ಹೊತ್ತಿಗೆ ಸೊಸೆಯನ್ನು ಮಗುವಿನ ಹತ್ತಿರ ಬಿಟ್ಟು, ಅವಳ ಲೈನ್‌ನವರು ಕೂರುವ ಬೆಂಚಿಗೆ ಹೋದೆ.

"ಕಾಲರ್ ಬರೋರು ಯಾರ್‌ಯಾರಿದ್ದೀರಿ?"

ಚಿಕ್ಕಜಾಲದವಳಿಗೆ ಬರುತ್ತಿತ್ತು. ತೋಳು ಕೂಡಿಸುವ ಒಬ್ಬಳಿಗೂ ಬರುತ್ತಿತ್ತು. ಕಫ್ ಕೆಲಸ ಯಾವಾಗಲೂ ಸ್ವಲ್ಪ ಮುಂದೆ ಓಡಿರುತ್ತದೆ, ಒಂದು ಗಳಿಗೆ ಬಿಟ್ಟರೂ ಲೈನ್ ನಿಲ್ಲುವುದಿಲ್ಲ. ಫೋನ್ ಬಂದ ತಕ್ಷಣ ಚಿಕ್ಕಜಾಲದವಳು ಕಾಲರ್‌ಗೆ ಕೂತರೆ ಸೊಸೆ ಎದ್ದು ಬರಬಹುದು. ಬದಲಿಗೆ ಸೊಸೆ ಅವರಿಗೆ ಕೂರಬೇಕು.

ಚಿಕ್ಕಜಾಲದವಳು ಬಾಯಿಗೆ ತುತ್ತು ಇಟ್ಟುಕೊಂಡೇ, "ಮುಯ್ಯಾಳು ಅನ್ನಜ್ಜಿ, ಅದಕ್ಯಾಕೆ ಇಷ್ಟುದ್ದ ರಾಗ! ಇಂಗೆ ಮೊದ್ಲೇ ಯೋಳಿದ್ರೆ ಆ ಮಗೀನ ಅಳುಸ್ತಿದ್ವಾ ನಾವು?" ಎಂದಳು.

ತೋಳಿನವಳು ಮುಖ ಗಂಟಿಕ್ಕಿದಳು. "ನನ್ನ ಮಕ್ಳು ಕಾಲೇಜಿಗೆ ಹೋಗ್ತವೆ. ನನಗೇನು ಸಿಗುತ್ತೆ ಇದರಲ್ಲಿ?"

ಅವಳ ಪ್ರಶ್ನೆ ತಪ್ಪಲ್ಲ. ಮುಯ್ಯಿ ಎಂದ ಮೇಲೆ ವಾಪಸ್ ಬರಬೇಕು. "ನೀನು ಬೆಳಿಗ್ಗೆ ಕುಡಿದ ನೀರು ಎಷ್ಟು?" ಎಂದು ಕೇಳಿದೆ. ತನ್ನ ತುಂಬಿದ ಬಾಟಲನ್ನು ಬೆಂಚಿನ ಕೆಳಗೆ ಸರಿಸಿದಳು. "ನೀನು ಟಾಯ್ಲೆಟ್‌ಗೆ ಹೋಗು. ಬಿ.ಪಿ. ಮಾತ್ರೆ ತಗೊಂಡು ಒಂದು ಗಳಿಗೆ ಕಾಲು ನೀಡಿ ಕೂತ್ಕೋ. ಆಗ ನನ್ನ ಸೊಸೆ ನಿನ್ನ ಜಾಗಕ್ಕೆ ಬರ್ತಾಳೆ, ಕಾಲರ್‌ಗೆ ಇವಳು ಕೂರ್ತಾಳೆ."

"ಹೊಲಿಗೆ ತಪ್ಪಾದ್ರೆ? ಬಂಡಲ್ ಮೇಲೆ ಹೆಸರಿರುತ್ತೆ."

ಇದು ಗಟ್ಟಿ ಮಾತು. ಚಿಕ್ಕಜಾಲದವಳೇ ದಾರಿ ಹೇಳಿದಳು. "ತಪ್ಪು ಎದ್ದೋಳದ್ದು, ಕೂತೋಳದ್ದಲ್ಲ. ವಾಪಸ್ ಬಂದೋಳು ಬಂಡಲ್ ಒಂದ್ಸಲ ನೋಡ್ಕಂಡೇ ಮುಂದಕ್ಕೆ ಬಿಡ್ಬೇಕು. ಮುಯ್ಯಿಗೆ ಬಂದೋಳ್ಗೆ ಯಾರಾದ್ರೂ ಬಯ್ತಾರಾ?"

ಆವತ್ತೇ ಮಧ್ಯಾಹ್ನ ಶುರುವಾಯಿತು. ನಾನು ಫೋನ್ ಮಾಡಿದೆ, ಸೊಸೆ ಎದ್ದಳು, ಚಿಕ್ಕಜಾಲದವಳು ಕೂತಳು. ಸೂಪರ್‌ವೈಸರ್ ಅಡ್ಡ ಬಂದ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂರುವುದು ರೂಲ್ಸ್ ಅಲ್ಲ, ಮ್ಯಾನೇಜರ್ ನೋಡಿದರೆ ತನ್ನ ಕತೆ ಮುಗಿಯಿತು ಎಂದ. ಆಮೇಲೆ ಏನಾಯಿತೆಂದು ಲೈನ್‌ನವರೇ ನನಗೆ ಹೇಳಿದ್ದು.

ಚಿಕ್ಕಜಾಲದವಳು ಮೆಷಿನ್ ನಿಲ್ಲಿಸದೆ, "ಸಾರ್, ಲೈನ್ ನಿಂತಿದ್ಯಾ?" ಎಂದಳಂತೆ.

"ಇಲ್ಲ. ಆದ್ರೂ..."

"ನಿಂತಾಗ ಬಯ್ರಿ. ಈಗ ಓಗಿ ನೀರ್ ಕುಡೀರಿ. ಆ ಮಾತ್ರೆ ಒಣಗ್ಲು ಗಂಟ್ಲಲ್ಲಿ ಎಂಗೆ ಇಳೀತದೋ ನಿಮ್ಗೆ!"

ಲೈನ್ ಪೂರ್ತಿ ನಕ್ಕಿತಂತೆ. ಅವನು ನೀರು ಕುಡಿದನೋ ಇಲ್ಲವೋ ಗೊತ್ತಿಲ್ಲ. ಆದರೆ ಆ ಗಂಟೆಯ ಬೋರ್ಡ್ ಬರೆಯುವಾಗ ಸಂಖ್ಯೆ ಬಿದ್ದಿರಲಿಲ್ಲ. ಅವನು ಆಚೆ ಮುಖ ಮಾಡಿ ನಿಂತ. "ನಾನು ನೋಡಿಲ್ಲ, ನೀವು ಮಾಡಿಲ್ಲ," ಎಂದನಂತೆ. ಬಂಡಲನ್ನು ಅವನು ಕೆಳಗಿಟ್ಟನೆಂದು ಹೇಳಲಾರೆ. ಮುಂದಕ್ಕೆ ದಾಟಿಸಲಿಲ್ಲ, ಅಷ್ಟು ಸಾಕು.

ಎಲ್ಲ ದಿನವೂ ಸಲೀಸಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ತೋಳಿನವಳು ಒಂದು ದಿನ ಸಿಟ್ಟಿನಲ್ಲಿ ಕೂರಲೊಲ್ಲೆ ಎಂದಳು. ಇನ್ನೊಂದು ದಿನ ಚಿಕ್ಕಜಾಲದವಳು ರಜೆ, ಪುಟ್ಟಿ ಅತ್ತಳು. ನಾನು ಸಬ್ಬಸಿಗೆ ಸೊಪ್ಪು ನಿಲ್ಲಿಸಿದೆ, ಮಗ ದೇವರಿಗೆ ಕೈ ಮುಗಿದ. ಬೆಳಿಗ್ಗೆ ಬಾಟಲ್ ತುಂಬಿಸಿ ಕೊಡುವಾಗ, "ಖಾಲಿ ತಂದರೆ ಮಾತ್ರ ಮನೆಯೊಳಗೆ ಸೇರಿಸೋದು" ಎಂದು ಸೊಸೆಯನ್ನು ಹೆದರಿಸಿದೆ. ಹೊತ್ತಿಗೆ ಹೊತ್ತಿಗೆ ಮಗು ಬಾಯಿ ಹಾಕತೊಡಗಿದ ಮೇಲೆ ಹಾಲು ಒಂದೇ ದಿನದಲ್ಲಿ ಬರಲಿಲ್ಲ, ಊಟೆ ಬಾವಿಯಲ್ಲಿ ನೀರು ಒಸರುವ ಹಾಗೆ ಸ್ವಲ್ಪ ಸ್ವಲ್ಪವೇ ಏರಿತು. ಒಂದು ಮಧ್ಯಾಹ್ನ ಪುಟ್ಟಿ ಕುಡಿದು ಕುಡಿದು, ಉಸಿರು ಬಿಟ್ಟು, ಬಾಯಿಯ ಅಂಚಿನಿಂದ ಬಿಳಿ ಗೆರೆ ಇಳಿಸಿಕೊಂಡು ನಿದ್ದೆ ಹೋದಳು. ನಾನೂ ಬಾಗಲಕೋಟೆಯವಳೂ ಆ ಗೆರೆಯನ್ನು ಒರೆಸದೆ ನೋಡುತ್ತಾ ಕೂತೆವು.

"ಒರಸಬ್ಯಾಡ್ರಿ ಅಕ್ಕಾ. ಇರಲಿ," ಎಂದಳು ಅವಳು. ಇವಳ ಮೇಲೆ ಅನುಮಾನಪಟ್ಟೆನಲ್ಲ ಎಂದು ಅವತ್ತು ಸಂಜೆ ಅವಳಿಗೊಂದು ಮೊಳ ಮಲ್ಲಿಗೆ ಕೊಡಿಸಿದೆ. ಯಾಕೆಂದು ಹೇಳಲಿಲ್ಲ.

ಆಸ್ಪತ್ರೆಯ ತಕ್ಕಡಿಯ ಮುಳ್ಳು ಮುಂದಕ್ಕೆ ಹೋಯಿತು. ನಾನು ಅಲ್ಲೇ ಕುಣಿಯುವುದೊಂದು ಬಾಕಿ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಸಿಟ್ಟಿಲ್ಲದೆ ಬರೆಯುತ್ತಿದ್ದೆ. ಸೊಸೆಯ ಲೈನ್ ಆ ತಿಂಗಳು ಎಲ್ಲ ಲೈನ್‌ಗಳಿಗಿಂತ ಮುಂದಿತ್ತು. ರಜೆ ಹಾಕುವವರೂ ಕಡಿಮೆಯಾಗಿದ್ದರು. ಆಫೀಸಿನವರು ಕೂತು ಕಾರಣ ಹುಡುಕಿದರು. ಸಿಕ್ಕಿದ ಕಾರಣ ಏನು ಗೊತ್ತೇ? ಒತ್ತಡ ನಿರ್ವಹಣೆ ತರಬೇತಿ! ಕಣ್ಣು ಮುಚ್ಚಿ ಸಮುದ್ರ ನೋಡಿದ್ದರಿಂದ ಲೈನ್ ಓಡಿತಂತೆ. ಬದಲಿ ಟೈಲರ್ ಇಲ್ಲದೆಯೂ ಕೆಲಸ ಆಗುತ್ತದೆ ಎಂದು ಆ ಜಾಗವನ್ನೇ ಖಾಯಂ ತೆಗೆದು ಹಾಕಿದರಂತೆ. ನಮ್ಮ ಮುಯ್ಯಿಯ ಫಲವನ್ನು ಅವರು ಕೊಯ್ದುಕೊಂಡರು. ಹಕ್ಕು ಎಂದು ಗಾಜಿನೊಳಗೆ ಬರೆದಿಟ್ಟಿದ್ದನ್ನು ಪಡೆಯಲು ನಮ್ಮ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ದುಡಿಯಬೇಕಾಯಿತು. ಅದಕ್ಕೆ ಯಾರೂ ನಾಚಿಕೊಳ್ಳಲಿಲ್ಲ.

ಮೇಲಿನವರಿಗೆ ತೋರಿಸಲು ಒಂದು ವಿಡಿಯೋ ಬೇಕೆಂದರು. ಅದಕ್ಕೆ ನನ್ನ ಸೊಸೆಯೇ ಬೇಕಂತೆ. ತರಬೇತಿಯಲ್ಲಿ ಎದೆ ಮುಟ್ಟಿ ಮಾತಾಡಿದ್ದು ಅವಳಲ್ಲವೇ, ಅವಳೇ "ಈಗ ನನಗೆ ಒತ್ತಡ ಇಲ್ಲ" ಎಂದರೆ ಚೆನ್ನಾಗಿರುತ್ತದಂತೆ. ಕ್ಯಾಂಟೀನ್‌ನಲ್ಲಿ ದೀಪ ಹಾಕಿದರು. ವೆಲ್‌ಫೇರ್ ಆಫೀಸರ್ ಬಂದರು. ಯಾವತ್ತೂ ಕೆಳಗಿಳಿಯದ ಮ್ಯಾನೇಜರ್ ಬಂದರು. ಮಗುವೂ ಇರಲಿ, ನಗುತ್ತಿರಲಿ ಎಂದರು. ನಾನು ಪುಟ್ಟಿಗೆ ಹೊಸ ಫ್ರಾಕ್ ಹಾಕಿ, ಕೆನ್ನೆಗೆ ಕಾಡಿಗೆ ಬೊಟ್ಟು ಇಟ್ಟು ತಂದೆ. ಕ್ಯಾಮೆರಾದವನು ಹೇಳಿಕೊಟ್ಟ.

"ಮೇಡಂ, ಹೀಗ್ ಹೇಳಿ: ದೀರ್ಘ ಉಸಿರಾಟದಿಂದ ನನ್ನ ಟೆನ್ಶನ್ ಪೂರ್ತಿ ಹೋಯ್ತು. ಮಗು ನೋಡಿ ಸ್ಮೈಲ್ ಮಾಡಿ. ರೆಡಿ?"

ಸೊಸೆ ಮಗುವನ್ನು ಎತ್ತಿಕೊಂಡಳು. ಪುಟ್ಟಿ ಅಮ್ಮನ ವಾಸನೆ ಸಿಕ್ಕಿದ್ದೇ ತಡ, ನಗುವುದು ಬಿಟ್ಟು ಸೆರಗಿನೊಳಗೆ ಮೂತಿ ತೂರಿಸಿದಳು. ಕ್ಯಾಮೆರಾದವನು ಗಿಲಕಿ ಆಡಿಸಿದ. ವೆಲ್‌ಫೇರ್ ಆಫೀಸರ್ ಚಿಟಿಕೆ ಹೊಡೆದರು. "ಇಲ್ನೋಡು ಪುಟ್ಟಾ, ಇಲ್ನೋಡು," ಎಂದು ಮ್ಯಾನೇಜರ್ ಕೂಡ ಕರೆದರು. ಅವಳು ಅಳಲು ಶುರು ಮಾಡಿದಳು.

"ಒಂದ್ ನಿಮಿಷ ಸಮಾಧಾನ ಮಾಡಿ. ಒಂದೇ ಟೇಕ್, ಮುಗಿಸಿಬಿಡೋಣ," ಎಂದರು ವೆಲ್‌ಫೇರ್ ಆಫೀಸರ್.

ಸೊಸೆ ಅವರ ಮುಖ ನೋಡಿದಳು. ಮ್ಯಾನೇಜರ್ ಮುಖ ನೋಡಿದಳು. ಯಾರನ್ನೂ ಏನೂ ಕೇಳಲಿಲ್ಲ. ದೀಪಕ್ಕೆ ಬೆನ್ನು ತಿರುಗಿಸಿ, ಬೆಂಚಿನ ಮೇಲೆ ಕೂತು, ಸೆರಗು ಮರೆ ಮಾಡಿಕೊಂಡು ಮಗುವಿಗೆ ಹಾಲು ಕೊಟ್ಟಳು.

ಅಳು ನಿಂತಿತು. ಅಷ್ಟು ದೊಡ್ಡ ಕ್ಯಾಂಟೀನ್‌ನಲ್ಲಿ ಗುಟುಕರಿಸುವ ಸದ್ದೊಂದೇ. ಮ್ಯಾನೇಜರ್ ಕೈಗಡಿಯಾರ ನೋಡಿಕೊಂಡು ನಿಂತರು. ಅವರ ಫೋನ್ ಹೊಡೆದುಕೊಂಡಿತು, ಕಟ್ ಮಾಡಿದರು. ವೆಲ್‌ಫೇರ್ ಆಫೀಸರ್ ಪೋಸ್ಟರ್ ಓದುತ್ತಾ ನಿಂತರು. ಸೂಪರ್‌ವೈಸರ್ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ. ಎಲ್ಲರೂ ಕಾದರು. ಕಾಯಲಿ ಬಿಡಿ ಎಂದು ನಾನು ಅಡ್ಡಲಾಗಿ ನಿಂತೆ.

ಕೊನೆಗೆ ಕ್ಯಾಮೆರಾದವನು ಮೆಲ್ಲಗೆ ಕೇಳಿದ.

"ಆಯ್ತಾ ಮೇಡಂ?"

ನನ್ನ ಸೊಸೆ ತಿರುಗಿ ಕೂಡ ನೋಡದೆ ಹೇಳಿದಳು.

"ಇರಿ. ಇನ್ನೊಂದ್ ಕಡೆ ಕುಡಿಸೋದಿದೆ."